ಓದುಗರ ಪ್ರಶ್ನೋತ್ತರ: ವೈದ್ಯರಿಗೆ ಸಲಹೆ ನೀಡುವ ಕಂಪ್ಯೂಟರ್

ರೋಗ ಪತ್ತೆಯಲ್ಲಿ ವೈದ್ಯರಿಗೆ ನೆರವಾಗುವ ಕಂಪ್ಯೂಟರ್ ವ್ಯವಸ್ಥೆಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಕಿರುಲೇಖನಕ್ಕೆ ಹಲವಾರು ಪತ್ರಗಳು ಬಂದಿವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲು ಪ್ರಯತ್ನಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೊಟ್ಟಿಲ್ಲ.

ಪ್ರಶ್ನೆ: ‘ತಜ್ಞ ವ್ಯವಸ್ಥೆ’ ಎಂಬ ಹೆಸರನ್ನು ಅಲ್ಲಲ್ಲಿ ಓದಿದ್ದೇನೆ. ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ? ಅದು ಎಂದಾದರೂ ನಿಜವಾದ ತಜ್ಞರಿಗೆ ಸರಿಸಮನಾಗಿ ನಿಂತದ್ದುಂಟೇ?
(ವೈದ್ಯಕೀಯ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ತಜ್ಞರ ಜ್ಞಾನವನ್ನು ನಿಯಮಗಳಾಗಿ ಬರೆದುಕೊಂಡು, ಅವುಗಳ ಆಧಾರದಿಂದ ಸಲಹೆ ನೀಡುವ ಕಂಪ್ಯೂಟರ್ ವ್ಯವಸ್ಥೆಯೇ ತಜ್ಞ ವ್ಯವಸ್ಥೆ. ಅದು ತಜ್ಞರಿಗೆ ಸರಿಸಮನಾಗಿ ನಿಂತದ್ದುಂಟು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ರೂಪುಗೊಂಡ ‘ಮೈಸಿನ್’ ಅದಕ್ಕೆ ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ. ವೈದ್ಯಕೀಯವನ್ನೂ ಕಂಪ್ಯೂಟರ್ ವಿಜ್ಞಾನವನ್ನೂ ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದ ಎಡ್ವರ್ಡ್ ಶಾರ್ಟ್‌ಲಿಫ್ ಅವರು ಬ್ರೂಸ್ ಬುಕಾನನ್, ಸ್ಟ್ಯಾನ್ಲಿ ಕೊಹೆನ್ ಮುಂತಾದವರ ಜೊತೆಗೂಡಿ ಅದನ್ನು ಕಟ್ಟಿದರು. ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದ ರೋಗಿಗೆ ಅಥವಾ ಮೆನಿಂಜೈಟಿಸ್ ಎಂಬ ಮಿದುಳು ಪೊರೆಯ ಸೋಂಕು ತಗುಲಿದ ರೋಗಿಗೆ ಪ್ರಯೋಗಾಲಯದ ಪೂರ್ಣ ವರದಿ ಬರುವವರೆಗೆ ಕಾಯಲು ಆಗುವುದಿಲ್ಲ. ಯಾವ ಜೀವಾಣು ಇರಬಹುದು, ಯಾವ ಆಂಟಿಬಯೋಟಿಕ್ ಕೊಡಬೇಕು ಎಂಬುದನ್ನು ಅರೆಬರೆ ಮಾಹಿತಿಯಿಂದಲೇ ತೀರ್ಮಾನಿಸಬೇಕಾಗುತ್ತದೆ. ಮೈಸಿನ್ ಸಲಹೆ ನೀಡುತ್ತಿದ್ದುದು ಇಂಥ ಸಂದರ್ಭಕ್ಕೆ.

ಅದರಲ್ಲಿ ಸುಮಾರು 500 ನಿಯಮಗಳಿದ್ದವು. ಒಂದು ನಿಯಮವನ್ನು ನೋಡಿ: ಸೋಂಕು ಮೂಲತಃ ರಕ್ತದ್ದೇ ಆಗಿದ್ದು, ಮಾದರಿಯನ್ನು ಸಹಜವಾಗಿ ಜೀವಾಣುಗಳಿಲ್ಲದ ಜಾಗದಿಂದ ತೆಗೆದಿದ್ದು, ಜೀವಾಣು ಜೀರ್ಣಾಂಗದ ಮೂಲಕ ಒಳಹೊಕ್ಕಿರಬಹುದೆಂಬ ಶಂಕೆಯಿದ್ದರೆ, ಅದು ಬ್ಯಾಕ್ಟಿರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಆಗಿರಬಹುದು ಎನ್ನುವುದಕ್ಕೆ 0.7ರಷ್ಟು ಪುಷ್ಟಿ ದೊರೆಯುತ್ತದೆ. ಈ 0.7 ಎಂಬುದು ಶುದ್ಧ ಗಣಿತದ ಸಂಭವನೀಯತೆಯಲ್ಲ, ತಜ್ಞರು ತಮ್ಮ ನಂಬಿಕೆಯ ಬಲವನ್ನು −1ರಿಂದ +1ರವರೆಗಿನ ಅಳತೆಯಲ್ಲಿ ಸೂಚಿಸಿದ ಅಂಕ. ಇನ್ನೊಂದು ನಿಯಮ ಅದೇ ಜೀವಾಣುವಿನ ಕಡೆಗೆ 0.4ರಷ್ಟು ಬೆಂಬಲ ಕೊಟ್ಟರೆ ಎರಡನ್ನೂ ಸುಮ್ಮನೆ ಕೂಡಿಸುವುದಿಲ್ಲ. ಮೊದಲ ನಿಯಮ ಉಳಿಸಿದ ಅನುಮಾನವಾದ 0.3ರಲ್ಲಿ 0.4 ಭಾಗವನ್ನು, ಎಂದರೆ 0.12ನ್ನು ಸೇರಿಸಿ, ಒಟ್ಟು 0.82 ಎಂದು ಎಣಿಸಲಾಗುತ್ತದೆ. ಹೀಗಾಗಿ ಒಂದೇ ದಿಕ್ಕಿನ ಪುರಾವೆ ಎಷ್ಟೇ ಸೇರಿದರೂ ಮೊತ್ತ 1ನ್ನು ದಾಟುವುದಿಲ್ಲ. ವ್ಯವಸ್ಥೆಯು ತೀರ್ಮಾನದಿಂದ ಹಿಂದಕ್ಕೆ ನಡೆಯುತ್ತದೆ: ಈ ಜೀವಾಣು ಹೌದೋ ಅಲ್ಲವೋ ಎಂದು ತಿಳಿಯಲು ಏನು ಗೊತ್ತಿರಬೇಕು, ಅದು ಗೊತ್ತಾಗಲು ಇನ್ನೇನು ಬೇಕು ಎಂದು ಹುಡುಕುತ್ತ, ತನ್ನಲ್ಲಿಲ್ಲದ ಮಾಹಿತಿಯನ್ನು ಮಾತ್ರ ವೈದ್ಯರಿಂದ ಕೇಳುತ್ತದೆ. ವೈದ್ಯರು ನಡುವೆ ‘ಇದನ್ನು ಏಕೆ ಕೇಳುತ್ತಿದ್ದೀಯೆ?’ ಎಂದು ಮರುಪ್ರಶ್ನೆ ಹಾಕಿದರೆ ಆ ಕ್ಷಣದಲ್ಲಿ ಪರಿಶೀಲಿಸುತ್ತಿರುವ ನಿಯಮವನ್ನೇ ತೆರೆದು ತೋರಿಸುತ್ತದೆ. ಆ ಒಂದು ಗುಣಕ್ಕಾಗಿಯೇ ಮೈಸಿನ್ ಬಗ್ಗೆ ನನಗೆ ಇಂದಿಗೂ ಗೌರವವಿದೆ.

1979ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೆನಿಂಜೈಟಿಸ್‌ನ 10 ಪ್ರಕರಣಗಳಿಗೆ ಮೈಸಿನ್, ಅದೇ ವಿಶ್ವವಿದ್ಯಾಲಯದ ಸೋಂಕು ರೋಗಗಳ ಅಧ್ಯಾಪಕರು, ಕಿರಿಯ ವೈದ್ಯರು ಹಾಗೂ ಒಬ್ಬ ವಿದ್ಯಾರ್ಥಿ ಸೂಚಿಸಿದ ಚಿಕಿತ್ಸೆಗಳನ್ನು ಹೊರಗಿನ ಎಂಟು ಮಂದಿ ತಜ್ಞರ ಮುಂದಿಡಲಾಯಿತು. ಯಾವುದು ಕಂಪ್ಯೂಟರಿನದು ಎಂಬುದು ಅವರಿಗೆ ತಿಳಿದಿರಲಿಲ್ಲ. ಮೈಸಿನ್ ಸೂಚಿಸಿದ ಚಿಕಿತ್ಸೆಗೆ ಶೇ. 65ರಷ್ಟು ಒಪ್ಪಿಗೆ ದೊರೆಯಿತು. ಅಧ್ಯಾಪಕರಲ್ಲಿ ಅತಿ ಹೆಚ್ಚು ಒಪ್ಪಿಗೆ ಪಡೆದವರಿಗೆ ದೊರೆತದ್ದು ಶೇ. 62.5. ತಜ್ಞರು ಪರಸ್ಪರ ಎಷ್ಟು ಭಿನ್ನಾಭಿಪ್ರಾಯ ಹೊಂದಿರುತ್ತಾರೆಂಬುದನ್ನೂ ಈ ಅಂಕಿಗಳೇ ಹೇಳುತ್ತವೆ. ಆದರೂ ಮೈಸಿನ್ ಯಾವ ಆಸ್ಪತ್ರೆಯ ನಿತ್ಯದ ಕೆಲಸದಲ್ಲಿಯೂ ಬಳಕೆಗೆ ಬರಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ತಾಲ್ಲೂಕು ಆಸ್ಪತ್ರೆಯ ವೈದ್ಯರೊಬ್ಬರ ಪತ್ರಕ್ಕೆ ಉತ್ತರಿಸುವಾಗ ವಿವರಿಸಿದ್ದೇನೆ.

ಪ್ರಶ್ನೆ: ನಮ್ಮ ಕಡೆ ಬೇಸಿಗೆ ಹತ್ತಿರವಾದಂತೆ ಮಂಗನ ಕಾಯಿಲೆಯ ಭಯ. ಎಲ್ಲೋ ವಿದೇಶದಲ್ಲಿ ತಯಾರಾದ ಕಂಪ್ಯೂಟರಿಗೆ ನಮ್ಮ ಕಾಯಿಲೆ ಗೊತ್ತಿರುತ್ತದೆಯೇ? ಗೊತ್ತಿಲ್ಲದೆ ಬೇರೊಂದು ಹೆಸರು ಹೇಳಿ ವೈದ್ಯರನ್ನು ದಾರಿ ತಪ್ಪಿಸಿದರೆ?
(ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಬಂದ ಪತ್ರಗಳಲ್ಲೆಲ್ಲ ಈ ಪ್ರಶ್ನೆಯೇ ನನಗೆ ಹೆಚ್ಚು ಮುಖ್ಯವೆನಿಸಿತು, ಆದ್ದರಿಂದ ಇದಕ್ಕೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ. ಮೊದಲು ಬೇರೆ ದೇಶದ ಒಂದು ಉದಾಹರಣೆಯನ್ನು ನೋಡೋಣ.

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಡಿ ಡೊಂಬಾಲ್ ಎಂಬ ಶಸ್ತ್ರವೈದ್ಯರು ಮತ್ತು ಅವರ ಸಹೋದ್ಯೋಗಿಗಳು ಹಠಾತ್ ಹೊಟ್ಟೆನೋವಿನ ಕಾರಣವನ್ನು ಗುರುತಿಸುವ ವ್ಯವಸ್ಥೆಯೊಂದನ್ನು ರಚಿಸಿ, ಅದರ ಫಲಿತಾಂಶವನ್ನು 1972ರಲ್ಲಿ ಪ್ರಕಟಿಸಿದರು. ಅಪೆಂಡಿಸೈಟಿಸ್, ಪಿತ್ತಕೋಶದ ಉರಿಯೂತ, ರಂಧ್ರ ಬಿದ್ದ ಹುಣ್ಣು, ಕರುಳಿನ ಅಡಚಣೆ ಮುಂತಾದ ಕೆಲವೇ ಕಾರಣಗಳ ನಡುವೆ ಆಯ್ಕೆ ಮಾಡುವುದು ಅದರ ಕೆಲಸ. 304 ರೋಗಿಗಳಲ್ಲಿ ಕಂಪ್ಯೂಟರಿನ ನಿರ್ಣಯ ಶೇ. 91.8ರಷ್ಟು ಸರಿಯಾಗಿತ್ತು, ತಂಡದ ಅತ್ಯಂತ ಹಿರಿಯ ವೈದ್ಯರದು ಶೇ. 79.6. ಇಲ್ಲಿ ನಿಯಮಗಳಿರಲಿಲ್ಲ, ಬೇಯ್ಸ್ ಪ್ರಮೇಯದ ಲೆಕ್ಕಾಚಾರವಿತ್ತು, ಎಂದರೆ ಕಾಯಿಲೆ ಎಷ್ಟು ಸಾಮಾನ್ಯ, ಆ ಕಾಯಿಲೆಯಲ್ಲಿ ಲಕ್ಷಣ ಎಷ್ಟು ಸಾಮಾನ್ಯ ಎಂಬುದರಿಂದ ಕಾಯಿಲೆಯ ಸಾಧ್ಯತೆಯನ್ನು ಎಣಿಸುವ ಸೂತ್ರ. ಆ ಆಸ್ಪತ್ರೆಗಳಿಗೆ ಬಂದ ನೂರಾರು ರೋಗಿಗಳಲ್ಲಿ ಪ್ರತಿಯೊಂದು ಕಾಯಿಲೆ ಎಷ್ಟು ಮಂದಿಗೆ ಇತ್ತು, ಆ ಕಾಯಿಲೆಯವರಲ್ಲಿ ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಸರಿಯಿತು, ವಾಂತಿ ಎಷ್ಟು ಮಂದಿಗೆ ಆಯಿತು ಎಂಬುದನ್ನೆಲ್ಲ ಅವರು ಎಣಿಸಿಟ್ಟಿದ್ದರು. ಅದೇ ತಂಡ ಇನ್ನೊಂದು ಪ್ರಯೋಗವನ್ನೂ ಮಾಡಿತು. ಎಣಿಸಿದ ಅಂಕಿಗಳ ಬದಲು ವೈದ್ಯರು ಅನುಭವದಿಂದ ಅಂದಾಜಿಸಿ ಹೇಳಿದ ಅಂಕಿಗಳನ್ನು ಅದೇ ಕಂಪ್ಯೂಟರಿಗೆ ಕೊಟ್ಟಾಗ ಅದರ ನಿಖರತೆ ಗಮನಾರ್ಹವಾಗಿ ಇಳಿಯಿತು. ಲೆಕ್ಕ ಮಾಡುವ ಯಂತ್ರ ಬದಲಾಗಿರಲಿಲ್ಲ, ಬದಲಾದದ್ದು ಅದಕ್ಕೆ ಉಣಿಸಿದ ಮಾಹಿತಿ ಮಾತ್ರ.

ಇನ್ನು ನಿಮ್ಮ ಊರಿಗೆ ಬರೋಣ. ಲೆಕ್ಕ ತಿಳಿಯಲೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳುತ್ತೇನೆ, ಇವು ನಿಜವಾದ ಸಮೀಕ್ಷೆಯವಲ್ಲ. ಒಂದು ಲಕ್ಷಣಗುಚ್ಛವಿದೆ ಎನ್ನಿ: ಏಕಾಏಕಿ ಏರಿದ ಜ್ವರ, ತೀವ್ರವಾದ ತಲೆನೋವು ಮತ್ತು ಮೈಕೈ ನೋವು, ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಎರಡೂ ಕಡಿಮೆ. ಮಂಗನ ಕಾಯಿಲೆಯವರಲ್ಲಿ ನೂರಕ್ಕೆ 80 ಮಂದಿಗೆ ಈ ಗುಚ್ಛ ಕಾಣುತ್ತದೆ, ಬೇರೆ ಜ್ವರದವರಲ್ಲಿ ನೂರಕ್ಕೆ 10 ಮಂದಿಗೆ ಕಾಣುತ್ತದೆ ಎಂದುಕೊಳ್ಳೋಣ. ಕಾಡಂಚಿನ ಹಳ್ಳಿಯೊಂದರಲ್ಲಿ ಕಾಯಿಲೆ ಹಬ್ಬಿರುವಾಗ ಜ್ವರದಿಂದ ಬಂದ 1000 ಮಂದಿಯಲ್ಲಿ 50 ಮಂದಿಗೆ ಈ ಕಾಯಿಲೆಯಿದ್ದರೆ, ಲಕ್ಷಣಗುಚ್ಛ ಇರುವವರು ಆ 50ರಲ್ಲಿ 40, ಉಳಿದ 950ರಲ್ಲಿ 95. ಎಂದರೆ ಗುಚ್ಛ ಕಂಡ 135 ಮಂದಿಯಲ್ಲಿ 40 ಮಂದಿಗೆ, ಸುಮಾರು ಶೇ. 30ರಷ್ಟು ಜನರಿಗೆ, ಮಂಗನ ಕಾಯಿಲೆಯೇ ಇದೆ. ಅದೇ ಲಕ್ಷಣಗಳೊಂದಿಗೆ ಮಹಾನಗರದ ಆಸ್ಪತ್ರೆಗೆ ಬಂದ 1000 ಜ್ವರದ ರೋಗಿಗಳಲ್ಲಿ ಒಬ್ಬರಿಗೆ ಮಾತ್ರ ಈ ಕಾಯಿಲೆಯಿದ್ದರೆ ಪ್ರಮಾಣ ಶೇ. 1ಕ್ಕಿಂತಲೂ ಕೆಳಗಿಳಿಯುತ್ತದೆ. ಲಕ್ಷಣಗಳು ಒಂದೇ, ಲೆಕ್ಕದ ಸೂತ್ರವೂ ಒಂದೇ. ಆದರೆ ಒಂದು ಕಡೆ ರಕ್ತದ ಮಾದರಿಯನ್ನು ಕೂಡಲೇ ಪರೀಕ್ಷೆಗೆ ಕಳುಹಿಸಬೇಕು, ಇನ್ನೊಂದು ಕಡೆ ಡೆಂಗಿಯನ್ನು ಮೊದಲು ನೋಡಬೇಕು. ಆದ್ದರಿಂದ ಹೊರಗಿನಿಂದ ತಂದ ವ್ಯವಸ್ಥೆಯಲ್ಲಿ ಕಾಯಿಲೆಯ ಹೆಸರು ಇದ್ದ ಮಾತ್ರಕ್ಕೆ ಸಾಲದು. ಅದು ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಸಾಮಾನ್ಯ ಎಂಬ ಸ್ಥಳೀಯ ಅಂಕಿ ಇಲ್ಲದಿದ್ದರೆ ಹೆಸರು ಪಟ್ಟಿಯ ತಳದಲ್ಲೆಲ್ಲೋ ಬಿದ್ದಿರುತ್ತದೆ.

ಎರಡನೆಯ ತೊಡಕು ಪ್ರಶ್ನೆಗಳದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಸತ್ತ ಮಂಗಗಳ ಜಾಡು ಹಿಡಿದೇ ಈ ವೈರಾಣುವನ್ನು ಗುರುತಿಸಿದ್ದು. ಅದು ಉಣುಗುಗಳ ಮೂಲಕ ಹರಡುತ್ತದೆ ಮತ್ತು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಮಲೆನಾಡಿನ ಅನುಭವಿ ವೈದ್ಯರು ಜ್ವರದ ರೋಗಿಯನ್ನು ಕಂಡೊಡನೆ, ಈಚೆಗೆ ಕಾಡಿಗೆ ಹೋಗಿದ್ದಿರಾ, ಕೊಟ್ಟಿಗೆಗೆ ತರಗೆಲೆ ಗುಡಿಸಿ ತಂದಿರಾ, ಮೈಮೇಲೆ ಉಣುಗು ಕಂಡಿತೇ, ಆಸುಪಾಸಿನಲ್ಲಿ ಮಂಗ ಸತ್ತದ್ದುಂಟೇ ಎಂದು ವಿಚಾರಿಸುತ್ತಾರೆ. ಬಾಸ್ಟನ್ನಿನಲ್ಲಿ ಬರೆದ ಪ್ರಶ್ನಾವಳಿಯಲ್ಲಿ ಈ ಸಾಲುಗಳು ಇರಲು ಕಾರಣವಿಲ್ಲ, ಮತ್ತು ಕೇಳದೆ ಬಿಟ್ಟ ಪ್ರಶ್ನೆಯ ಉತ್ತರವನ್ನು ಯಾವ ಗಣಿತವೂ ತುಂಬಿಕೊಡಲಾರದು. ಇಲಿಜ್ವರಕ್ಕೆ ಗದ್ದೆಯ ನೀರಿನಲ್ಲಿ ಮಾಡಿದ ಕೆಲಸ, ಸ್ಕ್ರಬ್ ಟೈಫಸ್ ಎಂಬ ಜ್ವರಕ್ಕೆ ಚರ್ಮದ ಮೇಲಿನ ಸಣ್ಣ ಕಪ್ಪು ಗಾಯ, ಇವೂ ಇದೇ ಬಗೆಯ ಪ್ರಶ್ನೆಗಳು.

ನಿಮ್ಮ ಆತಂಕ ಸರಿಯಾದದ್ದೇ. ಆದರೆ ಇದರಿಂದ ಕಂಪ್ಯೂಟರ್ ಬೇಡವೆಂಬ ತೀರ್ಮಾನಕ್ಕೆ ಬರಬೇಕಿಲ್ಲ. ನಮ್ಮ ಜಿಲ್ಲೆಗಳ ಜ್ವರದ ಅಂಕಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟದಲ್ಲಿ ಶ್ರದ್ಧೆಯಿಂದ ದಾಖಲಿಸಿ, ವಾರವಾರ ಪರಿಷ್ಕರಿಸಿ, ಅವುಗಳ ಮೇಲೆ ವ್ಯವಸ್ಥೆಯನ್ನು ಕಟ್ಟಿದರೆ, ಹೊಸದಾಗಿ ಮಲೆನಾಡಿಗೆ ವರ್ಗವಾಗಿ ಬಂದ, ಈ ಕಾಯಿಲೆಯ ಒಬ್ಬ ರೋಗಿಯನ್ನೂ ನೋಡಿರದ ಯುವ ವೈದ್ಯರಿಗೆ ಅದು ಮೊದಲ ದಿನದಿಂದಲೇ ನೆರವಾಗಬಲ್ಲದು. ಹಿರಿಯ ವೈದ್ಯರೊಬ್ಬರು ನಿವೃತ್ತರಾದಾಗ ಅವರೊಂದಿಗೆ ಹೊರಟುಹೋಗುವ ಆ ನಾಲ್ಕು ಪ್ರಶ್ನೆಗಳು ಅಲ್ಲಿಯೇ ಉಳಿಯುತ್ತವೆ.

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಇಂಥದೊಂದು ವ್ಯವಸ್ಥೆಯನ್ನು ಕಟ್ಟಬೇಕೆಂದಿದ್ದೇವೆ. ವೈದ್ಯರ ಜ್ಞಾನವನ್ನು ನಿಯಮಗಳಾಗಿ ಬರೆದುಕೊಳ್ಳುವುದು ಒಳ್ಳೆಯದೋ, ಆಸ್ಪತ್ರೆಯ ದಾಖಲೆಗಳಿಂದ ಯಂತ್ರವೇ ಕಲಿಯುವಂತೆ ಮಾಡುವುದು ಒಳ್ಳೆಯದೋ?
(ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಉತ್ತರ: ಎರಡೂ ದಾರಿಗಳಲ್ಲಿ ನಡೆದವರಿದ್ದಾರೆ, ಎರಡರಲ್ಲಿಯೂ ಎಲ್ಲಿ ಎಡವುತ್ತೇವೆಂಬುದು ಈಗ ಚೆನ್ನಾಗಿ ತಿಳಿದಿದೆ.

ಮೊದಲನೆಯ ದಾರಿಯ ಶ್ರಮವನ್ನು ಅರಿಯಲು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ‘ಇಂಟರ್ನಿಸ್ಟ್’ ಎಂಬ ರೋಗ ಪತ್ತೆ ವ್ಯವಸ್ಥೆಯ ಕಡೆಗೆ ನೋಡಬೇಕು. ಹೆಸರಾಂತ ವೈದ್ಯ ಜ್ಯಾಕ್ ಮೈಯರ್ಸ್ ಅವರು ಹ್ಯಾರಿ ಪೋಪಲ್, ರ್‍ಯಾಂಡಾಲ್ಫ್ ಮಿಲ್ಲರ್ ಮುಂತಾದವರೊಂದಿಗೆ 1970ರ ದಶಕದಲ್ಲಿ ಇದನ್ನು ಬೆಳೆಸಿದರು. ಸಾಮಾನ್ಯ ವೈದ್ಯಶಾಸ್ತ್ರದ 500ಕ್ಕೂ ಹೆಚ್ಚು ಕಾಯಿಲೆಗಳು, 3500ಕ್ಕೂ ಹೆಚ್ಚು ಲಕ್ಷಣಗಳು ಮತ್ತು ಪರೀಕ್ಷಾ ಫಲಿತಾಂಶಗಳು ಅದರಲ್ಲಿದ್ದವು. ಪ್ರತಿಯೊಂದು ಕಾಯಿಲೆ–ಲಕ್ಷಣ ಜೋಡಿಗೂ ಎರಡು ಅಂಕಗಳನ್ನು ಕೊಡಬೇಕಿತ್ತು: ಈ ಲಕ್ಷಣ ಕಂಡರೆ ಈ ಕಾಯಿಲೆಯನ್ನು ಎಷ್ಟು ಬಲವಾಗಿ ಶಂಕಿಸಬೇಕು ಎಂಬುದಕ್ಕೆ 0ಯಿಂದ 5, ಈ ಕಾಯಿಲೆಯವರಲ್ಲಿ ಈ ಲಕ್ಷಣ ಎಷ್ಟು ಸಾಮಾನ್ಯ ಎಂಬುದಕ್ಕೆ 1ರಿಂದ 5. ಒಂದೊಂದು ಕಾಯಿಲೆಗೂ ವಾರಗಟ್ಟಲೆ ವೈದ್ಯಕೀಯ ಸಾಹಿತ್ಯವನ್ನು ಓದಿ ಈ ಅಂಕಗಳನ್ನು ನಿಗದಿಪಡಿಸಲಾಯಿತು. 1982ರಲ್ಲಿ ಪ್ರಕಟವಾದ ಪರೀಕ್ಷೆಗೆ 19 ಕಠಿಣ ಪ್ರಕರಣಗಳನ್ನು ಆಯ್ದುಕೊಂಡಿದ್ದರು, ಅವುಗಳಲ್ಲಿ ಒಟ್ಟು 43 ರೋಗನಿರ್ಣಯಗಳಿದ್ದವು. ಇಂಟರ್ನಿಸ್ಟ್ 25ನ್ನು ಸರಿಯಾಗಿ ಹೇಳಿತು. ಚಿಕಿತ್ಸೆ ನೀಡಿದ ವೈದ್ಯರು 28ನ್ನು, ಆ ಪ್ರಕರಣಗಳನ್ನು ಸಭೆಯಲ್ಲಿ ಚರ್ಚಿಸಿದ ತಜ್ಞರು 35ನ್ನು. ಒಂದು ಯಂತ್ರಕ್ಕೆ ಇದು ದೊಡ್ಡ ಸಾಧನೆಯೇ. ಆದರೆ ವೈದ್ಯಶಾಸ್ತ್ರ ಬದಲಾದಂತೆಲ್ಲ ಆ ಸಾವಿರಾರು ಅಂಕಗಳನ್ನು ಮತ್ತೆ ಮತ್ತೆ ಪರಿಶೀಲಿಸುವವರು ಬೇಕು, ಕಟ್ಟುವಾಗ ಇದ್ದ ಉತ್ಸಾಹ ಆ ಕೆಲಸಕ್ಕೆ ಉಳಿಯುವುದು ಅಪರೂಪ. ನಿಮ್ಮ ಯೋಜನೆಯಲ್ಲಿ ಪರಿಷ್ಕರಣೆಗೆ ಯಾರು ಹೊಣೆ, ಅವರ ಸಂಬಳ ಎಲ್ಲಿಂದ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ನಿಯಮದಲ್ಲಿ ಕಾರಣ ಅಡಗಿಹೋಗುತ್ತದೆಂಬುದೂ ನೆನಪಿರಲಿ. ಮೈಸಿನ್‌ನ ನಿಯಮಗಳಿಂದ ವಿದ್ಯಾರ್ಥಿಗಳಿಗೆ ಪಾಠ ಹೇಳಿಸಬಹುದೇ ಎಂದು ವಿಲಿಯಂ ಕ್ಲ್ಯಾನ್ಸಿ ಎಂಬ ಸಂಶೋಧಕರು ಪ್ರಯತ್ನಿಸಿದಾಗ ಇದು ಬೆಳಕಿಗೆ ಬಂತು. ಎಂಟು ವರ್ಷದೊಳಗಿನ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಕೊಡಬಾರದು ಎಂಬ ನಿಯಮ ಅಲ್ಲಿತ್ತು. ಆ ಔಷಧಿಯು ಬೆಳೆಯುತ್ತಿರುವ ಹಲ್ಲು ಮತ್ತು ಮೂಳೆಗಳಲ್ಲಿ ಸೇರಿಕೊಂಡು ಹಲ್ಲಿಗೆ ಶಾಶ್ವತವಾದ ಕಲೆ ಉಳಿಸುತ್ತದೆ ಎಂಬ ಕಾರಣ ಮಾತ್ರ ಎಲ್ಲಿಯೂ ಇರಲಿಲ್ಲ. ಕಾರಣ ತಿಳಿದ ವೈದ್ಯರು, ಪ್ರಾಣಾಪಾಯವಿದ್ದು ಬೇರೆ ಔಷಧಿ ಸಿಗದಿದ್ದಾಗ ಹಲ್ಲಿನ ಕಲೆಯನ್ನು ಒಪ್ಪಿಕೊಂಡಾರು. ನಿಯಮವನ್ನಷ್ಟೇ ತಿಳಿದವರಿಗೆ ಆ ತೂಗುವಿಕೆ ಸಾಧ್ಯವಿಲ್ಲ. ಆದ್ದರಿಂದ ಪ್ರತಿಯೊಂದು ನಿಯಮದ ಪಕ್ಕದಲ್ಲಿ ಅದರ ಕಾರಣವನ್ನೂ, ಅದನ್ನು ಹೇಳಿದ್ದು ಯಾರು, ಯಾವ ಆಧಾರದ ಮೇಲೆ, ಯಾವ ದಿನಾಂಕದಂದು ಎಂಬುದನ್ನೂ ದಾಖಲಿಸಿ. ವೈದ್ಯರೊಡನೆ ಕೂತಾಗ ‘ಈ ಕಾಯಿಲೆಯ ಲಕ್ಷಣಗಳೇನು?’ ಎಂದು ಕೇಳಿದರೆ ಪಠ್ಯಪುಸ್ತಕದ ಉತ್ತರವೇ ಬರುತ್ತದೆ. ಅವರು ನೋಡಿದ ಒಂದು ಹಳೆಯ ಪ್ರಕರಣವನ್ನು ಮುಂದಿಟ್ಟುಕೊಂಡು, ಮಾಹಿತಿಯನ್ನು ಒಂದೊಂದಾಗಿ ಬಿಚ್ಚುತ್ತ, ಪ್ರತಿ ಹಂತದಲ್ಲಿಯೂ ಏನನ್ನು ಶಂಕಿಸುತ್ತಿದ್ದೀರಿ, ಮುಂದೆ ಏನನ್ನು ತಿಳಿಯಲು ಬಯಸುತ್ತೀರಿ ಎಂದು ಕೇಳಿ. ಅವರು ಬಾಯಿಬಿಟ್ಟು ಎಂದೂ ಹೇಳಿರದ ವಿವೇಚನೆ ಆಗ ಹೊರಬರುತ್ತದೆ.

ದಾಖಲೆಗಳಿಂದ ಕಲಿಸುವ ದಾರಿಯಲ್ಲಿ ಅಪಾಯ ಬೇರೆ ಬಗೆಯದು. 1990ರ ದಶಕದಲ್ಲಿ ಅಮೆರಿಕದಲ್ಲಿ ನ್ಯುಮೋನಿಯಾ ರೋಗಿಗಳಲ್ಲಿ ಯಾರಿಗೆ ಸಾವಿನ ಅಪಾಯ ಹೆಚ್ಚು, ಯಾರನ್ನು ಮನೆಗೆ ಕಳುಹಿಸಬಹುದು ಎಂದು ಅಂದಾಜಿಸುವ ಮಾದರಿಗಳನ್ನು ಆಸ್ಪತ್ರೆಯ ದಾಖಲೆಗಳಿಂದ ರೂಪಿಸಲಾಯಿತು. ಆಸ್ತಮಾ ಇರುವವರಿಗೆ ನ್ಯುಮೋನಿಯಾದಿಂದ ಅಪಾಯ ಕಡಿಮೆ ಎಂಬ ನಿಯಮವನ್ನು ಅವುಗಳಲ್ಲೊಂದು ಕಲಿತಿತ್ತು. ದಾಖಲೆಯಲ್ಲಿ ಅದು ನಿಜವೇ ಆಗಿತ್ತು, ಏಕೆಂದರೆ ಆಸ್ತಮಾ ಇರುವವರನ್ನು ವೈದ್ಯರು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು, ಆ ಆರೈಕೆಯಿಂದ ಅವರು ಬದುಕುತ್ತಿದ್ದರು. ಯಂತ್ರದ ಮಾತು ಕೇಳಿ ಅವರನ್ನು ಮನೆಗೆ ಕಳುಹಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ನಿಯಮವು ಓದಬಹುದಾದ ರೂಪದಲ್ಲಿದ್ದುದರಿಂದ ತಪ್ಪು ಕಣ್ಣಿಗೆ ಬಿತ್ತು. ಅದೇ ಕೆಲಸಕ್ಕೆ ರೂಪಿಸಿದ ನರಜಾಲ ಮಾದರಿ (ಕಲಿತದ್ದನ್ನು ಓದಬಹುದಾದ ನಿಯಮಗಳ ಬದಲು ಅಂಕಿಗಳ ಜಾಲವಾಗಿ ಇಟ್ಟುಕೊಳ್ಳುವ ಮಾದರಿ) ಹೆಚ್ಚು ನಿಖರವಾಗಿದ್ದರೂ, ಅದರೊಳಗೆ ಇನ್ನೇನು ಅಡಗಿದೆಯೋ ಎಂದು ಅಂಜಿ ಸಂಶೋಧಕರು ಅದನ್ನು ರೋಗಿಗಳ ಮೇಲೆ ಬಳಸಲಿಲ್ಲ. ಆ ನಿರ್ಧಾರ ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ. ನೀವು ದಾಖಲೆಗಳಿಂದ ಕಲಿಸುವುದಾದರೂ, ಕಲಿತದ್ದನ್ನು ವೈದ್ಯರು ಓದಿ ‘ಇದು ಹೀಗಿರಲಾರದು’ ಎಂದು ಹೇಳಬಲ್ಲ ರೂಪದಲ್ಲಿಡಿ.

ಪ್ರಶ್ನೆ: ಹೊರರೋಗಿಗಳ ವಿಭಾಗದಲ್ಲಿ ಒಬ್ಬ ರೋಗಿಗೆ ಕೆಲವೇ ನಿಮಿಷ ಕೊಡಲು ಸಾಧ್ಯವಾಗುವ ನನ್ನಂಥವರು ಕಂಪ್ಯೂಟರಿನ ಮುಂದೆ ಕೂತು ಅದರ ಪ್ರಶ್ನೆಗಳಿಗೆ ಉತ್ತರ ತುಂಬುವುದು ಯಾವಾಗ?
(ವೈದ್ಯಾಧಿಕಾರಿ, ತಾಲ್ಲೂಕು ಆಸ್ಪತ್ರೆ, ರಾಯಚೂರು ಜಿಲ್ಲೆ)

ಉತ್ತರ: ಮೈಸಿನ್ ಬಳಕೆಗೆ ಬಾರದಿರಲು ಮುಖ್ಯ ಕಾರಣಗಳಲ್ಲಿ ಇದೂ ಒಂದು. ಪ್ರಯೋಗಾಲಯದಿಂದ, ವಾರ್ಡಿನಿಂದ ಮಾಹಿತಿ ತಾನಾಗಿ ಅದಕ್ಕೆ ಬರುತ್ತಿರಲಿಲ್ಲ. ವೈದ್ಯರು ಟರ್ಮಿನಲ್ ಎದುರು ಕೂತು ಎಲ್ಲವನ್ನೂ ಟೈಪು ಮಾಡಬೇಕಿತ್ತು, ಒಂದು ಸಮಾಲೋಚನೆಗೆ ಅರ್ಧ ಗಂಟೆಯಷ್ಟು ಹಿಡಿಯುತ್ತಿತ್ತು. ಅದೇ ಬಳಗದವರು ಶ್ವಾಸಕೋಶದ ಪರೀಕ್ಷೆಗಳನ್ನು ವಿಶ್ಲೇಷಿಸಲು ರಚಿಸಿದ ‘ಪಫ್’ ಎಂಬ ಚಿಕ್ಕ ವ್ಯವಸ್ಥೆಯು ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯಲ್ಲಿ ನಿಜವಾಗಿ ಕೆಲಸಕ್ಕೆ ಬಂತು. ಉಸಿರಾಟ ಅಳೆಯುವ ಉಪಕರಣದ ಅಂಕಿಗಳನ್ನು ಆಧರಿಸಿ ಅದು ವರದಿಯ ಕರಡನ್ನು ಸಿದ್ಧಪಡಿಸುತ್ತಿತ್ತು, ವೈದ್ಯರು ಓದಿ, ಬೇಕಿದ್ದರೆ ತಿದ್ದಿ, ಸಹಿ ಹಾಕುತ್ತಿದ್ದರು. ನಿಮ್ಮ ಆಸ್ಪತ್ರೆಯ ಇಸಿಜಿ ಯಂತ್ರ ಪಟ್ಟಿಯ ಮೇಲೆ ತನ್ನ ಅಭಿಪ್ರಾಯವನ್ನು ಮುದ್ರಿಸಿ ಕೊಡುತ್ತಿದ್ದರೆ ಅದೂ ಇದೇ ಜಾತಿಯದು. ಕ್ಷಯರೋಗದ ತಪಾಸಣೆಗೆ 15 ವರ್ಷ ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನವರ ಎದೆಯ ಎಕ್ಸ್-ರೇಯನ್ನು ಕಂಪ್ಯೂಟರ್ ಓದಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿದ್ದೂ ಇಂಥ ಸೀಮಿತವಾದ, ವೈದ್ಯರಿಗೆ ಟೈಪು ಮಾಡುವ ಹೊರೆಯಿಲ್ಲದ ಕೆಲಸಕ್ಕೇ.

ತಾನಾಗಿ ಎಚ್ಚರಿಕೆ ಕೊಡುವ ವ್ಯವಸ್ಥೆಗಳಲ್ಲಿ ಮತ್ತೊಂದು ಕಷ್ಟವಿದೆ. ಅಮೆರಿಕದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ, ಸೆಪ್ಸಿಸ್ ಎಂಬ ಮಾರಕ ಸ್ಥಿತಿಯನ್ನು ಮುಂಚಿತವಾಗಿ ಗುರುತಿಸಬೇಕಾದ ಮಾದರಿಯೊಂದನ್ನು ಹೊರಗಿನ ಸಂಶೋಧಕರು ಒಂದು ಆಸ್ಪತ್ರೆಯ 38,455 ದಾಖಲಾತಿಗಳಲ್ಲಿ ಪರಿಶೀಲಿಸಿ 2021ರಲ್ಲಿ ವರದಿ ಮಾಡಿದರು. ದಾಖಲಾದವರಲ್ಲಿ ಶೇ. 18ರಷ್ಟು ಮಂದಿಯ ಬಗ್ಗೆ ಅದು ಎಚ್ಚರಿಕೆ ಕೊಟ್ಟಿತ್ತು, ಆದರೂ ಸೆಪ್ಸಿಸ್ ಇದ್ದವರಲ್ಲಿ ಶೇ. 67ರಷ್ಟು ಮಂದಿಯನ್ನು ಗುರುತಿಸಿರಲಿಲ್ಲ. ಹೀಗೆ ಪದೇ ಪದೇ ಸುಳ್ಳು ಎಚ್ಚರಿಕೆ ಕೇಳಿದ ದಾದಿಯರು ಮತ್ತು ವೈದ್ಯರು ನಿಜವಾದ ಎಚ್ಚರಿಕೆಯನ್ನೂ ನೋಡದೆ ಮುಚ್ಚಿಬಿಡುವುದು ಸಹಜ. ಆದ್ದರಿಂದ ಯಾರಾದರೂ ನಿಮ್ಮ ಆಸ್ಪತ್ರೆಗೆ ಇಂಥ ವ್ಯವಸ್ಥೆಯನ್ನು ತಂದರೆ, ಅದು ಬೇರೆಡೆ ಎಷ್ಟು ನಿಖರವಾಗಿತ್ತೆಂದು ಕೇಳುವುದರ ಜೊತೆಗೆ, ಮೊದಲ ಕೆಲವು ತಿಂಗಳು ಅದರ ಸಲಹೆಯನ್ನು ತೆರೆಯ ಹಿಂದೆಯೇ ದಾಖಲಿಸಿಟ್ಟು, ನಿಮ್ಮ ರೋಗಿಗಳಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂದು ಎಣಿಸಿ ತೋರಿಸಲು ಹೇಳಿ.

ಇದರಲ್ಲಿ ಆಶಾದಾಯಕವಾದ ಸಂಗತಿಯೂ ಒಂದಿದೆ. ಲೀಡ್ಸ್‌ನ ಹೊಟ್ಟೆನೋವಿನ ವ್ಯವಸ್ಥೆಯನ್ನು ಮುಂದೆ ಬ್ರಿಟನ್ನಿನ ಎಂಟು ಕೇಂದ್ರಗಳಲ್ಲಿ 16,737 ರೋಗಿಗಳ ಮೇಲೆ ಪ್ರಯೋಗಿಸಿ 1986ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ವೈದ್ಯರ ಆರಂಭಿಕ ನಿರ್ಣಯದ ನಿಖರತೆ ಶೇ. 45.6ರಿಂದ ಶೇ. 65.3ಕ್ಕೆ ಏರಿತು, ಅಪೆಂಡಿಕ್ಸ್ ಒಡೆದ ಸ್ಥಿತಿಗೆ ತಲುಪಿದವರ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಈ ಸುಧಾರಣೆಯಲ್ಲಿ ಕಂಪ್ಯೂಟರಿನ ಪಾಲೆಷ್ಟು ಎಂಬ ಚರ್ಚೆ ನಡೆಯಿತು, ಏಕೆಂದರೆ ಪ್ರಯೋಗದಲ್ಲಿ ವೈದ್ಯರು ಒಂದು ಹಾಳೆಯ ಕ್ರಮಬದ್ಧ ನಮೂನೆಯನ್ನು ತುಂಬುತ್ತಿದ್ದರು, ತಮ್ಮ ನಿರ್ಣಯ ಸರಿಯಾಯಿತೇ ಎಂಬ ಮಾಹಿತಿಯೂ ಅವರಿಗೆ ಮರಳಿ ಸಿಗುತ್ತಿತ್ತು. ನಮೂನೆಯನ್ನು ಮಾತ್ರ ಕೊಟ್ಟಾಗಲೂ ಕಿರಿಯ ವೈದ್ಯರ ನಿರ್ಣಯ ಉತ್ತಮಗೊಂಡದ್ದು ಆಮೇಲಿನ ಅಧ್ಯಯನಗಳಲ್ಲಿ ಕಂಡುಬಂತು. ಕಂಪ್ಯೂಟರ್ ಬರುವವರೆಗೆ ಕಾಯದೆ, ಜ್ವರಕ್ಕೆ ಒಂದು, ಎದೆನೋವಿಗೆ ಒಂದು ಎಂದು ಇಂಥ ನಮೂನೆಗಳನ್ನು ನಿಮ್ಮ ಆಸ್ಪತ್ರೆಯಲ್ಲಿಯೇ ಆರಂಭಿಸಬಹುದು. ಶುಶ್ರೂಷಕರು ಅರ್ಧ ಭಾಗ ತುಂಬಿಕೊಟ್ಟರೆ ನಿಮ್ಮ ಸಮಯವೂ ಉಳಿಯುತ್ತದೆ.

ಪ್ರಶ್ನೆ: ಬೆಂಗಳೂರಿನ ಆಸ್ಪತ್ರೆಯೊಂದು ಕ್ಯಾನ್ಸರ್ ಚಿಕಿತ್ಸೆಗೆ ‘ವಾಟ್ಸನ್’ ಕಂಪ್ಯೂಟರಿನ ಸಲಹೆ ಪಡೆಯುತ್ತದೆಂದು ಹಿಂದೆ ಓದಿದ್ದೆ. ಆಮೇಲೆ ಸುದ್ದಿಯೇ ಇಲ್ಲ.
(ಔಷಧಿ ವ್ಯಾಪಾರಿ, ಹುಬ್ಬಳ್ಳಿ)

ಉತ್ತರ: ನೀವು ಓದಿದ್ದು ಮಣಿಪಾಲ್ ಆಸ್ಪತ್ರೆಯ ವಿಷಯ. ಐಬಿಎಂ ಸಂಸ್ಥೆಯು ನ್ಯೂಯಾರ್ಕಿನ ಮೆಮೊರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ತಜ್ಞರಿಂದ ತರಬೇತಿ ಕೊಡಿಸಿದ ವ್ಯವಸ್ಥೆ ಅದು. ರೋಗ ಯಾವುದೆಂದು ಹೇಳುವುದಕ್ಕಿಂತ, ಪತ್ತೆಯಾದ ಕ್ಯಾನ್ಸರಿಗೆ ಯಾವ ಚಿಕಿತ್ಸೆ ಎಂದು ಸೂಚಿಸುವುದು ಅದರ ಕೆಲಸವಾಗಿತ್ತು. ಬೆಂಗಳೂರಿನ ವೈದ್ಯರು 638 ಸ್ತನ ಕ್ಯಾನ್ಸರ್ ಪ್ರಕರಣಗಳಲ್ಲಿ ಅದರ ಸಲಹೆಯನ್ನು ತಮ್ಮ ತಜ್ಞರ ಮಂಡಳಿಯ ತೀರ್ಮಾನದೊಂದಿಗೆ ಹೋಲಿಸಿ, ಶೇ. 93ರಷ್ಟು ಹೊಂದಾಣಿಕೆ ಕಂಡುಬಂತೆಂದು 2018ರಲ್ಲಿ ಪ್ರಕಟಿಸಿದರು. ಮೂಲ ತೀರ್ಮಾನಗಳೊಂದಿಗಿನ ಹೊಂದಾಣಿಕೆ ಶೇ. 73 ಇತ್ತು, ಭಿನ್ನವಾದ ಪ್ರಕರಣಗಳನ್ನು ಮಂಡಳಿ ನಂತರ ಮತ್ತೊಮ್ಮೆ ಪರಿಶೀಲಿಸಿದ ಮೇಲೆ ಅದು ಏರಿತು. ಎರಡು ಅಭಿಪ್ರಾಯಗಳು ಹೊಂದುವುದು ಒಂದು ವಿಷಯ, ರೋಗಿ ಹೆಚ್ಚು ಕಾಲ ಆರೋಗ್ಯದಿಂದ ಬದುಕುವುದು ಇನ್ನೊಂದು. ಆ ಅಧ್ಯಯನ ಅಳೆದದ್ದು ಮೊದಲನೆಯದನ್ನು ಮಾತ್ರ. ಐಬಿಎಂ ತನ್ನ ಆರೋಗ್ಯ ವಿಭಾಗದ ಹೆಚ್ಚಿನ ಭಾಗವನ್ನು 2022ರಲ್ಲಿ ಮಾರಿತು.

ಪ್ರಶ್ನೆ: ತಾಯಿಯ ರಕ್ತಪರೀಕ್ಷೆಯ ವರದಿಯನ್ನು ಮೊಬೈಲಿನ ಎಐ ಚಾಟ್‌ಗೆ ಹಾಕಿದೆ. ಅದು ಹೇಳಿದ ಕಾಯಿಲೆಗೂ ವೈದ್ಯರು ಹೇಳಿದ್ದಕ್ಕೂ ತಾಳೆಯಾಗಲಿಲ್ಲ. ವೈದ್ಯರಿಗೆ ತೋರಿಸಿದರೆ ಬೇಸರಪಟ್ಟುಕೊಳ್ಳುತ್ತಾರೇನೋ ಎಂಬ ಸಂಕೋಚ. ಕಂಪ್ಯೂಟರ್ ತಪ್ಪಿದರೆ ಕಾನೂನಿನಲ್ಲಿ ಯಾರು ಹೊಣೆ?
(ಗೃಹಿಣಿ, ಮಂಗಳೂರು)

ಉತ್ತರ: ಮೊದಲು ಕಾನೂನಿನ ಮಾತು. 2020ರ ಮಾರ್ಚ್‌ನಲ್ಲಿ ಪ್ರಕಟವಾದ ಭಾರತದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಕೃತಕ ಬುದ್ಧಿಮತ್ತೆಯ ವೇದಿಕೆಗಳು ರೋಗಿಗೆ ನೇರವಾಗಿ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ; ನೋಂದಾಯಿತ ವೈದ್ಯರಿಗೆ ಅವು ನೆರವಾಗಬಹುದು, ಅಂತಿಮ ಸಲಹೆ ಮತ್ತು ಚೀಟಿ ವೈದ್ಯರಿಂದಲೇ ಬರಬೇಕು. ಎಂದರೆ ಕಂಪ್ಯೂಟರಿನ ಸಲಹೆಯನ್ನು ಸ್ವೀಕರಿಸಿದರೂ ತಳ್ಳಿಹಾಕಿದರೂ ಚಿಕಿತ್ಸೆಯ ತೀರ್ಮಾನ ವೈದ್ಯರದೇ.

ನಿಮ್ಮ ಮೊಬೈಲಿನಲ್ಲಿರುವುದು ಮೇಲೆ ವಿವರಿಸಿದ ವ್ಯವಸ್ಥೆಗಳಿಗಿಂತ ಬೇರೆ ಬಗೆಯದು. ಅದರಲ್ಲಿ ತಜ್ಞರು ಬರೆದ ನಿಯಮಗಳಾಗಲಿ ಆಸ್ಪತ್ರೆಯಲ್ಲಿ ಎಣಿಸಿದ ಪ್ರಮಾಣಗಳಾಗಲಿ ಇಲ್ಲ. ಅಪಾರ ಪ್ರಮಾಣದ ಬರಹವನ್ನು ಓದಿ, ಸಂದರ್ಭಕ್ಕೆ ಹೊಂದುವ ಮಾತನ್ನು ಜೋಡಿಸುವುದನ್ನು ಅದು ಕಲಿತಿದೆ. ಎಷ್ಟೋ ಸಲ ಅದರ ಮಾತು ಸರಿಯಾಗಿಯೇ ಇರುತ್ತದೆ. ಆದರೆ ‘ಏಕೆ ಹೀಗೆ ಹೇಳಿದೆ?’ ಎಂದು ಕೇಳಿದಾಗ ಅದು ಕೊಡುವ ಕಾರಣವೂ ಅದೇ ರೀತಿ ಜೋಡಿಸಿದ ಮಾತು; ಮೈಸಿನ್ ತನ್ನ ನಿಯಮವನ್ನು ತೆರೆದು ತೋರಿಸಿದಂತೆ ನಿಜವಾಗಿ ನಡೆದ ದಾರಿಯನ್ನು ತೋರಿಸುತ್ತದೆಂಬ ಖಾತರಿ ಇಲ್ಲ. ಅಲ್ಲದೆ ನೀವು ಕೊಟ್ಟದ್ದು ವರದಿಯ ಅಂಕಿಗಳನ್ನು ಮಾತ್ರ. ತಾಯಿಯವರ ಹೊಟ್ಟೆಯನ್ನು ಒತ್ತಿ ನೋಡಿದವರು, ಕಾಲಿನ ಬಾವನ್ನು ಕಂಡವರು ನಿಮ್ಮ ವೈದ್ಯರು.

ಹಾಗೆಂದು ಮುಚ್ಚಿಡಬೇಕಾಗಿಲ್ಲ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಗಿನ ನಾಲ್ಕು ರೋಗ ಪತ್ತೆ ವ್ಯವಸ್ಥೆಗಳನ್ನು 105 ಪ್ರಕರಣಗಳಲ್ಲಿ ಪರೀಕ್ಷಿಸಿದಾಗ, ಸರಿಯಾದ ಕಾಯಿಲೆ ಅವುಗಳ ಪಟ್ಟಿಯಲ್ಲಿ ಇದ್ದದ್ದು ಶೇ. 52ರಿಂದ 71ರಷ್ಟು ಸಲ ಮಾತ್ರ. ಆದರೆ ಪ್ರತಿ ಪ್ರಕರಣಕ್ಕೂ ತಜ್ಞರು ಮೊದಲು ಯೋಚಿಸಿರದ ಸರಾಸರಿ ಸುಮಾರು ಎರಡು ಕಾಯಿಲೆಗಳ ಸಾಧ್ಯತೆಯನ್ನು ಅವು ನೆನಪಿಸಿದ್ದವು, ಆ ಸಾಧ್ಯತೆಗಳು ಪರಿಶೀಲನೆಗೆ ಯೋಗ್ಯವೆಂದು ತಜ್ಞರು ಒಪ್ಪಿದರು. ನಿರ್ಣಯಕ್ಕಿಂತ ನೆನಪಿಸುವುದರಲ್ಲಿ ಈ ಉಪಕರಣಗಳ ಉಪಯೋಗ ಹೆಚ್ಚು ಎಂದು ನಾನು ತಿಳಿದಿರುವುದು ಇಂಥ ಫಲಿತಾಂಶಗಳಿಂದಲೇ. ಆದ್ದರಿಂದ ವೈದ್ಯರ ಬಳಿ, ‘ಮೊಬೈಲ್ ಹೀಗೆ ಹೇಳುತ್ತದೆ, ನೀವು ಹಾಗೆ ಹೇಳುತ್ತೀರಿ’ ಎನ್ನುವ ಬದಲು, ‘ಡಾಕ್ಟ್ರೇ, ಅಮ್ಮನಿಗೆ ಇಂಥ ತೊಂದರೆ ಇರುವ ಸಾಧ್ಯತೆ ಇದೆಯೇ, ಇಲ್ಲವೆಂದು ಯಾವುದರಿಂದ ತಿಳಿಯುತ್ತದೆ?’ ಎಂದು ಕೇಳಿ. ಜೊತೆಗೆ ತಾಯಿಯವರು ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿಯನ್ನು, ನಾಟಿ ಔಷಧಿ ಮತ್ತು ಅಂಗಡಿಯಿಂದ ತಂದ ನೋವಿನ ಮಾತ್ರೆಗಳೂ ಸೇರಿದಂತೆ, ತೊಂದರೆ ಶುರುವಾದ ದಿನ ಮತ್ತು ಹಳೆಯ ವರದಿಗಳೊಂದಿಗೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.